ಪಶುಸಂಪತ್ತಿನ ಸುಧಾರಣೆ: ಬೀಜವೂ ಮೇವೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ನೆರೆದ ಒಕ್ಕಲುತನದ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಕನ್ನಡನಾಡಿನ ಒಕ್ಕಲಿಗನು ತನ್ನ ಎತ್ತನ್ನು ಬಸವಣ್ಣನೆಂದೇ ಕರೆಯುತ್ತಾನೆ. ಕಾರಹುಣ್ಣಿಮೆಯ ದಿನ ಅದರ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟಿ, ಊರ ಬೀದಿಯಲ್ಲಿ ಮೆರೆಸುತ್ತಾನೆ. ಮಣ್ಣೆತ್ತಿನ ಅಮಾವಾಸ್ಯೆಯಂದು ಮಣ್ಣಿನಲ್ಲಿ ಅದರ ಮೂರ್ತಿಯನ್ನು ಮಾಡಿ ಪೂಜಿಸುತ್ತಾನೆ. ಎಷ್ಟೋ ಊರುಗಳಲ್ಲಿ ಸೋಮವಾರದ ದಿನ ಎತ್ತಿನ ಹೆಗಲ ಮೇಲೆ ನೊಗವನ್ನಿಡುವ ವಾಡಿಕೆಯೇ ಇಲ್ಲ. ಪಶುವಿನಲ್ಲಿ ಇಷ್ಟು ಆದರವುಳ್ಳ ಜನರ ನಾಡಿನಲ್ಲಿ ಪಶುಗಳು ಹೇಗಿರಬೇಕಾಗಿತ್ತು? ಬೇಸಗೆಯ ಸಂಜೆಯಲ್ಲಿ ಗೋಮಾಳದಿಂದ ಹಿಂದಿರುಗುವ ದನಗಳ ಹಿಂಡನ್ನು ನೋಡಿದವರಿಗೆ ಬೇರೊಂದು ಚಿತ್ರವೇ ಕಾಣುವುದು: ಎಣಿಸಬಹುದಾದ ಪಕ್ಕೆಲುಬುಗಳು, ವಯಸ್ಸು ತುಂಬಿದರೂ ಬೆದೆಗೆ ಬಾರದ ಕಡಸುಗಳು, ಎರಡು ಸೂಲುಗಳ ನಡುವೆ ಎರಡು ವರ್ಷ ಕಳೆಯುವ ಹಸುಗಳು. ಪೂಜೆಗೂ ಪೋಷಣೆಗೂ ನಡುವೆ ಬಿದ್ದಿರುವ ಈ ಅಂತರವನ್ನು ತುಂಬುವ ಬಗೆ ಯಾವುದೆಂಬುದೇ ಈ ಉಪನ್ಯಾಸದ ವಿಷಯ.

ದನಗಳ ಸಂಖ್ಯೆಯೇ ಸಂಪತ್ತೆಂಬ ಭಾವನೆ ಬಹುಕಾಲದಿಂದ ಬೇರೂರಿದೆ. ಸಂಖ್ಯೆಗೆ ಈ ದೇಶದಲ್ಲಿ ಎಂದೂ ಕೊರತೆಯಿಲ್ಲ. ೨೦೧೯ರ ಜಾನುವಾರು ಗಣತಿಯಲ್ಲಿ ಭಾರತದ ಆಕಳು, ಎತ್ತು, ಹೋರಿಗಳು ೧೯ ಕೋಟಿಗೂ ಮಿಕ್ಕಿದ್ದುವು. ಆಡುಗಳು ೧೪ ಕೋಟಿ ೮೮ ಲಕ್ಷದಷ್ಟಿದ್ದುವು. ಆದರೆ ಸಂಖ್ಯೆ ಹೆಚ್ಚಿದಷ್ಟೂ ಸಂಪತ್ತು ಹೆಚ್ಚುವುದೆಂಬುದು ಭ್ರಾಂತಿ. ೧೯೨೬ರಲ್ಲಿ ನೇಮಕಗೊಂಡು ೧೯೨೮ರಲ್ಲಿ ವರದಿಯನ್ನೊಪ್ಪಿಸಿದ, ಲಿನ್ಲಿತ್‌ಗೋ ಪ್ರಭುಗಳ ಅಧ್ಯಕ್ಷತೆಯ ವ್ಯವಸಾಯದ ರಾಯಲ್ ಕಮಿಷನ್ನು ಇದರೊಳಗಣ ವಿಷಚಕ್ರವನ್ನು ಸ್ಪಷ್ಟವಾಗಿ ತೋರಿಸಿಕೊಟ್ಟಿತು. ಮೇವು ಸಾಲದಾದಾಗ ಹಸುವು ತಡವಾಗಿ ಗಬ್ಬವಾಗುತ್ತದೆ. ಅದರ ಕರುವು ಕುಗ್ಗಿ ಹುಟ್ಟುತ್ತದೆ. ಆ ಕರುವು ಬೆಳೆದು ಸಣ್ಣ ಎತ್ತಾಗುತ್ತದೆ. ಒಂದು ಒಳ್ಳೆಯ ಜೋಡಿಯ ಕೆಲಸಕ್ಕೆ ಎರಡು ಜೋಡಿ ಬೇಕಾಗಿ, ಅವನ್ನು ಪಡೆಯಲು ಒಕ್ಕಲಿಗನು ಇನ್ನೂ ಹೆಚ್ಚು ಹಸುಗಳನ್ನು ಕಟ್ಟುತ್ತಾನೆ. ಹಸುಗಳು ಹೆಚ್ಚಿದಂತೆ ಒಂದೊಂದರ ಪಾಲಿನ ಮೇವು ಮತ್ತಷ್ಟು ಇಳಿಯುತ್ತದೆ. ಗಾಣದೆತ್ತು ಎಷ್ಟು ನಡೆದರೂ ಇದ್ದೆಡೆಯಲ್ಲಿಯೇ ಇರುವಂತೆ, ಒಕ್ಕಲಿಗನ ಶ್ರಮವೆಲ್ಲವೂ ಈ ಚಕ್ರದಲ್ಲಿ ಸುತ್ತುತ್ತ ವ್ಯರ್ಥವಾಗುತ್ತದೆ. ಈ ಕಾಲದಲ್ಲಿ ಉಳುವ ಕೆಲಸದ ಬಹುಭಾಗವನ್ನು ಟ್ರಾಕ್ಟರು ವಹಿಸಿಕೊಂಡಿರಬಹುದು. ಆದರೂ ಹಾಲಿನ ವಿಷಯದಲ್ಲಿ ಇದೇ ಚಕ್ರವು ತಿರುಗುತ್ತಲೇ ಇದೆ. ಒಂದು ಹಸು ಕೊಡಬೇಕಾದ ಹಾಲಿಗೆ ಮೂರು ಹಸುಗಳನ್ನು ಕಟ್ಟಿ, ಮೂರನ್ನೂ ಅರೆಹೊಟ್ಟೆಯಲ್ಲಿಡುವುದು ಲಾಭವೂ ಅಲ್ಲ, ದಯೆಯೂ ಅಲ್ಲ.

ಈ ಚಕ್ರವನ್ನು ಮುರಿಯಲು ಎರಡು ಕಡೆ ಕೈಹಾಕಬೇಕು. ಒಂದು, ಬೀಜ, ಇನ್ನೊಂದು, ಮೇವು. ಇವುಗಳಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದರೆ ಫಲವಿಲ್ಲ.

ಮೊದಲು ಬೀಜದ ವಿಷಯ. ಒಕ್ಕಲಿಗನು ಬಿತ್ತನೆಯ ಜೋಳವನ್ನು ಹೇಗೆ ಆರಿಸುತ್ತಾನೆಂಬುದು ಎಲ್ಲರೂ ಬಲ್ಲ ಸಂಗತಿ. ಹೊಲದಲ್ಲಿ ಎಲ್ಲಕ್ಕಿಂತ ದಪ್ಪನಾದ ತೆನೆಗಳನ್ನು ಗುರುತಿಸಿ, ಬೇರೆಯಾಗಿ ಕೊಯ್ದು, ಒಣಗಿಸಿ ಕಾಪಾಡುತ್ತಾನೆ. ಮನೆಯಲ್ಲಿ ಹಸಿವಿದ್ದರೂ ಬೀಜದ ಕಾಳಿಗೆ ಕೈಹಾಕುವುದಿಲ್ಲ. ಇಷ್ಟು ವಿವೇಕವುಳ್ಳವನೇ ಕೊಟ್ಟಿಗೆಗೆ ಬಂದಾಗ ಇದಕ್ಕೆ ತೀರ ವಿರುದ್ಧವಾಗಿ ನಡೆಯುತ್ತಾನೆ. ಅವನ ಹಸುವಿಗೆ ಹುಟ್ಟಿದ ಗಂಡುಕರುಗಳಲ್ಲಿ ಅತ್ಯಂತ ಲಕ್ಷಣವಾದುದನ್ನು ಬೀಜ ಒಡೆಸಿ ಎತ್ತು ಮಾಡುತ್ತಾನೆ; ಇಲ್ಲವೆ ಜಾತ್ರೆಯಲ್ಲಿ ಒಳ್ಳೆಯ ಬೆಲೆಗೆ ಮಾರುತ್ತಾನೆ. ಯಾರೂ ಕೊಳ್ಳದ, ಯಾವ ಕೆಲಸಕ್ಕೂ ಬಾರದ ಬಡಕಲು ಹೋರಿಯೊಂದು ಊರ ಹಿಂಡಿನಲ್ಲಿ ಉಳಿದುಕೊಂಡು, ಬೆದೆಗೆ ಬಂದ ಹಸುಗಳಿಗೆಲ್ಲ ಅದೇ ಹಾರುತ್ತದೆ. ಆಡುಗಳಲ್ಲಿಯೂ ಇದೇ ಕ್ರಮ. ಬೇಗ ಬೆಳೆದು ಮೈದುಂಬಿದ ಗಂಡುಮರಿಯು ಮೊದಲನೆಯ ಸಂತೆಯಲ್ಲಿಯೇ ಮಾರಾಟವಾಗಿ ಹೋಗುತ್ತದೆ. ಬೆಳೆಯದೆ ಹಿಂದುಳಿದುದೇ ಹಿಂಡಿನ ಹೋತವಾಗುತ್ತದೆ. ಕಾಳನ್ನು ಮಾರಿ ಜೊಳ್ಳನ್ನು ಬಿತ್ತುವವನ ಹೊಲ ಏನಾದೀತು? ಒಂದು ವರ್ಷವಲ್ಲ, ಒಂದು ತಲೆಯಲ್ಲ, ತಲೆತಲಾಂತರವಾಗಿ ಹೀಗೆಯೇ ನಡೆದು ಬಂದರೆ ತಳಿಯು ಕುಗ್ಗುವುದರಲ್ಲಿ ಆಶ್ಚರ್ಯವೇನಿದೆ?

‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎಂಬ ಗಾದೆಯನ್ನು ನಂಬಿ ಜನರು ಹಸುವನ್ನು ಕೊಳ್ಳುವಾಗ ಅದರ ತಾಯಿಯ ಹಾಲನ್ನು ವಿಚಾರಿಸುತ್ತಾರೆ. ಆದರೆ ಕರುವಿನ ಗುಣದಲ್ಲಿ ಅರ್ಧವು ತಂದೆಯಿಂದ ಬರುವುದೆಂಬುದನ್ನು ಮರೆಯುತ್ತಾರೆ. ಒಂದು ಹಸುವು ತನ್ನ ಆಯುಷ್ಯದಲ್ಲಿ ಎಂಟು ಹತ್ತು ಕರುಗಳನ್ನು ಮಾತ್ರ ಈಯಬಲ್ಲದು. ಒಂದು ಹೋರಿಯಾದರೋ ಒಂದೇ ವರ್ಷದಲ್ಲಿ ಐವತ್ತು ಅರವತ್ತು ಕರುಗಳಿಗೆ ತಂದೆಯಾಗಬಹುದು. ಆದುದರಿಂದ ಕೆಟ್ಟ ಹಸುವಿನಿಂದ ಒಂದು ಮನೆಗೆ ನಷ್ಟವಾದರೆ, ಕೆಟ್ಟ ಹೋರಿಯಿಂದ ಊರಿಗೇ ನಷ್ಟವಾಗುತ್ತದೆ.

ಬೀಜ ಮೇವುಗಳೆರಡನ್ನೂ ಕೂಡಿ ಕಾಪಾಡಿದರೆ ಏನಾಗಬಹುದೆಂಬುದಕ್ಕೆ ಕನ್ನಡನಾಡಿನ ಇತಿಹಾಸದಲ್ಲಿಯೇ ಸಾಕ್ಷಿಯುಂಟು. ೧೭ನೆಯ ಶತಮಾನದ ಕೊನೆಯ ಭಾಗದಲ್ಲಿ ಮೈಸೂರನ್ನಾಳಿದ ಚಿಕ್ಕದೇವರಾಜ ಒಡೆಯರು ಅರಮನೆಯ ಹಿಂಡುಗಳಿಗಾಗಿ ‘ಬೆಣ್ಣೆ ಚಾವಡಿ’ಯೆಂಬ ಇಲಾಖೆಯನ್ನು ಏರ್ಪಡಿಸಿದರು. ಹೈದರಾಲಿಯು ಆ ಹಿಂಡುಗಳನ್ನು ಹೆಚ್ಚಿಸಿದನು. ಟೀಪೂ ಸುಲ್ತಾನನು ಅದಕ್ಕೆ ‘ಅಮೃತ ಮಹಲ್’ ಎಂಬ ಹೆಸರಿಟ್ಟು, ಪಾಲನೆಯ ವಿಧಿಗಳನ್ನು ಗೊತ್ತುಮಾಡಿದನು. ಈ ಎತ್ತುಗಳ ಬಲದಿಂದ ಹೈದರನ ಸೇನೆಯು ಚಿದಂಬರದ ಕಡೆಗೆ ಎರಡೂವರೆ ದಿನಗಳಲ್ಲಿ ೧೦೦ ಮೈಲಿ ನಡೆಯಿತೆಂದು ಮೈಸೂರಿನ ಗೆಜೆಟಿಯರುಗಳು ಹೇಳುತ್ತವೆ. ಈ ಹಿಂಡುಗಳ ವ್ಯವಸ್ಥೆಯಲ್ಲಿ ಗಮನಿಸತಕ್ಕ ಅಂಶ ಎರಡು. ಹಿಂಡಿಗೆ ಬಿಡುವ ಹೋರಿಗಳು ಆರಿಸಿದವುಗಳಾಗಿದ್ದುವು. ಅಲ್ಲದೆ, ಮೇಯಿಸಲು ಮೀಸಲಾದ ಕಾವಲುಗಳು ಬೇಸಗೆಯವು, ಮಳೆಗಾಲದವು, ಚಳಿಗಾಲದವು ಎಂದು ಮೂರು ಬಗೆಯಾಗಿದ್ದುವು. ಋತುವಿಗನುಸಾರವಾಗಿ ಹಿಂಡು ಒಂದರಿಂದ ಇನ್ನೊಂದಕ್ಕೆ ಹೋಗುತ್ತಿದ್ದುದರಿಂದ ಹುಲ್ಲು ಬೇರುಸಹಿತ ಸವೆಯದೆ ಮತ್ತೆ ಚಿಗುರಲು ಕಾಲಾವಕಾಶ ದೊರೆಯುತ್ತಿತ್ತು.

ಕಟ್ಟಿದುದನ್ನು ಕೆಡಿಸುವುದು ಎಷ್ಟು ಸುಲಭವೆಂಬುದನ್ನೂ ಇದೇ ಇತಿಹಾಸವು ಹೇಳುತ್ತದೆ. ೧೭೯೯ರ ತರುವಾಯ ಬ್ರಿಟಿಷರ ಕೈಸೇರಿದ ಈ ಹಿಂಡುಗಳನ್ನು ೧೮೬೦ರಲ್ಲಿ ಖರ್ಚಿನ ಉಳಿತಾಯಕ್ಕೆಂದು ಮಾರಿಬಿಟ್ಟರು. ಸೈನ್ಯಕ್ಕೆ ಒಳ್ಳೆಯ ಎತ್ತುಗಳು ದೊರೆಯದೆ ಹೋದಾಗ ತಪ್ಪು ತಿಳಿಯಿತು. ೧೮೬೬ರಲ್ಲಿ ಹಿಂಡನ್ನು ಮರಳಿ ಕಟ್ಟಲು ಆರಂಭಿಸಿದರು. ಸುಮಾರು ಎರಡು ಶತಮಾನಗಳ ಆರೈಕೆಯನ್ನು ಒಂದು ಹರಾಜಿನಲ್ಲಿ ಚೆದುರಿಸಬಹುದು. ಮತ್ತೆ ಕೂಡಿಸುವುದಕ್ಕೆ ತಲೆಮಾರುಗಳೇ ಬೇಕು. ಆ ತಳಿಯು ಇಂದಿಗೂ ಅಜ್ಜಂಪುರದ ಕ್ಷೇತ್ರದಲ್ಲಿ ಉಳಿದಿರುವುದಾದರೂ, ಹಳೆಯ ಕಾವಲುಗಳಲ್ಲಿ ಬಹುಭಾಗವು ಅನ್ಯಕಾರ್ಯಗಳಿಗೆ ಸಂದುಹೋಗಿದೆ. ಉತ್ತರ ಕರ್ನಾಟಕದಲ್ಲಿಯೂ ಇಂತಹ ಉದಾಹರಣೆಯುಂಟು. ಕೃಷ್ಣಾತೀರದ ಅಂಟುವ ಎರೆಮಣ್ಣನ್ನು ಉಳಲು ಭಾರಿ ಎತ್ತುಗಳು ಬೇಕೆಂದು ೧೯ನೆಯ ಶತಮಾನದ ಕೊನೆಯಲ್ಲಿ ದಕ್ಷಿಣ ಮಹಾರಾಷ್ಟ್ರದ ಸಂಸ್ಥಾನಿಕರು ಗೀರ್, ಓಂಗೋಲು, ಕಾಂಕ್ರೇಜ್ ಹೋರಿಗಳನ್ನು ನಾಡತಳಿಯೊಡನೆ ಕೂಡಿಸಿ ‘ಕೃಷ್ಣಾತೀರ’ದ ತಳಿಯನ್ನು ರೂಢಿಸಿದರು. ಟ್ರಾಕ್ಟರು ಬಂದ ಮೇಲೆ ಆ ತಳಿಯು ತೀರ ವಿರಳವಾಯಿತು. ೨೦೧೨ರಿಂದ ೨೦೧೯ರವರೆಗಿನ ಅವಧಿಯಲ್ಲಿ ದೇಶದ ನಾಡತಳಿಯ ದನಗಳೇ ನೂರಕ್ಕೆ ೬ರಷ್ಟು ಕಡಿಮೆಯಾದುವು.

ಹಾಗಾದರೆ ಬೀಜದ ಹೋರಿಯನ್ನು ಆರಿಸುವುದು ಹೇಗೆ? ಕೊಂಬಿನ ಬಾಗು, ಹಿಣಿಲಿನ ಎತ್ತರ, ಮೈಬಣ್ಣ, ಸುಳಿ ಇವುಗಳನ್ನಷ್ಟೇ ನೋಡಿದರೆ ಸಾಲದು. ಆ ಹೋರಿಯ ತಾಯಿ ದಿನಕ್ಕೆಷ್ಟು, ಎಷ್ಟು ತಿಂಗಳು ಹಾಲು ಕೊಟ್ಟಿತು, ಎಷ್ಟು ತಿಂಗಳಿಗೊಮ್ಮೆ ಈದಿತು ಎಂಬುದನ್ನು ಕೇಳಬೇಕು. ಅದರ ಹೆಣ್ಣುಕರುಗಳು ಬೆಳೆದಿದ್ದರೆ ಅವುಗಳ ಹಾಲೇ ಎಲ್ಲಕ್ಕಿಂತ ದೊಡ್ಡ ಪ್ರಮಾಣ. ಇದಕ್ಕಾಗಿ ಪ್ರತಿಯೊಂದು ಮನೆಯಲ್ಲಿಯೂ ಒಂದು ಪುಸ್ತಕವಿರಬೇಕು. ಬೆದೆಗೆ ಬಂದ ದಿನ, ಹೋರಿ ಕೊಡಿಸಿದ ದಿನ, ಈದ ದಿನ, ಹಾಲಿನ ಅಳತೆ ಇವಿಷ್ಟನ್ನು ಅದರಲ್ಲಿ ಬರೆದಿಟ್ಟರೆ ಸಾಕು. ಒಂದೇ ಹೋರಿಯು ಮೂರು ವರ್ಷಕ್ಕಿಂತ ಹೆಚ್ಚು ಕಾಲ ಒಂದೇ ಊರಿನಲ್ಲಿದ್ದರೆ ತನ್ನ ಹೆಣ್ಣುಮಕ್ಕಳಿಗೇ ಹಾರುವುದು. ಅಂತಹ ರಕ್ತಸಂಬಂಧದ ಕೂಡುವಿಕೆಯಿಂದ ಕರುಗಳು ಬಲಹೀನವಾಗುವುವು. ಆದುದರಿಂದ ಹತ್ತಿರದ ಊರುಗಳವರು ಒಳ್ಳೆಯ ಹೋರಿಗಳನ್ನು ತಮ್ಮೊಳಗೆ ಬದಲಾಯಿಸಿಕೊಳ್ಳತಕ್ಕದ್ದು. ಉಳಿದ ಬಡಕಲು ಹೋರಿಗಳನ್ನು ಪ್ರಾಯಕ್ಕೆ ಬರುವ ಮೊದಲೇ ಪಶುವೈದ್ಯರಿಂದ ಬೀಜ ಒಡೆಸತಕ್ಕದ್ದು. ಈ ಉದ್ದೇಶಕ್ಕಾಗಿ ಮುಂಬಯಿ ಆಧಿಪತ್ಯದಲ್ಲಿ ೧೯೩೩ರಲ್ಲಿಯೇ ಕಾನೂನಾಗಿದ್ದಿತು. ಆದರೆ ಊರವರ ಮನಸ್ಸು ಕೂಡದೆ ಬರಿಯ ಕಾನೂನಿನಿಂದ ಹಿಂಡು ಸುಧಾರಿಸದು.

ಒಳ್ಳೆಯ ಹೋರಿಯನ್ನು ಸಾಕುವ ಶಕ್ತಿಯಿಲ್ಲದ ಊರಿಗೂ ಇಂದು ದಾರಿಯುಂಟು. ಕೃತಕ ಗರ್ಭಧಾರಣೆಯು ಭಾರತದಲ್ಲಿ ಮೊದಲು ನಡೆದದ್ದು ಕನ್ನಡನಾಡಿನಲ್ಲಿಯೇ. ೧೯೩೯ರಲ್ಲಿ ಮೈಸೂರು ಅರಮನೆಯ ಹೈನುಶಾಲೆಯಲ್ಲಿ ಡಾ. ಸಂಪತ್ ಕುಮಾರನ್ ಅವರು ಹಳ್ಳಿಕಾರ್ ಹಸುಗಳಿಗೆ ಇದನ್ನು ಪ್ರಯೋಗಿಸಿದರು. ಇಂದು ಗಣ್ಯವಾದ ಹೋರಿಯ ಬೀಜವು ಹಳ್ಳಿಯ ಬಾಗಿಲಿಗೇ ಬರುತ್ತದೆ. ಅದು ಫಲಿಸುವುದು ಹಸುವಿನ ಒಡೆಯನ ಎಚ್ಚರದಿಂದ. ಹಸುವು ೨೧ ದಿನಗಳಿಗೊಮ್ಮೆ ಬೆದೆಗೆ ಬರುತ್ತದೆ; ಬೆದೆಯು ಒಂದು ದಿನದೊಳಗಾಗಿ ಇಳಿದುಹೋಗುತ್ತದೆ. ಬೆಳಗ್ಗೆ ಬೆದೆ ಕಂಡರೆ ಅಂದಿನ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಗರ್ಭಧಾರಣೆ ಮಾಡಿಸಬೇಕು. ಒಂದು ಬೆದೆ ತಪ್ಪಿದರೆ ಮೂರು ವಾರದ ಮೇವು ನಷ್ಟವಾದಂತೆಯೇ ಸರಿ.

ಜರ್ಸಿ, ಹೋಲ್‌ಸ್ಟೀನ್ ಮುಂತಾದ ಪರದೇಶದ ತಳಿಗಳ ಮಿಶ್ರಣವನ್ನು ಕುರಿತು ಒಂದು ಮಾತು. ಹಸುರು ಮೇವು, ನೀರು, ನೆರಳು, ವೈದ್ಯರ ಸಹಾಯ ಇವೆಲ್ಲವೂ ಇದ್ದಲ್ಲಿ ಮಿಶ್ರತಳಿಯ ಹಸುವು ಹೆಚ್ಚು ಹಾಲು ಕೊಡುವುದು ದಿಟ. ಆದರೆ ಒಣಹುಲ್ಲಿನ ಮೇಲೆಯೇ ಅದನ್ನು ಕಟ್ಟಿದರೆ ಹಾಲೂ ಇಲ್ಲ, ಗಬ್ಬವೂ ನಿಲ್ಲದು; ರೋಗ ಮಾತ್ರ ಬೇಗ ತಗಲುವುದು. ನಾಡತಳಿಯು ಬಿಸಿಲನ್ನೂ ಉಣ್ಣಿಗಳ ಕಾಟವನ್ನೂ ಮೇವಿನ ಕೊರತೆಯನ್ನೂ ತಾಳಬಲ್ಲದು. ಆದುದರಿಂದ ಗೋದಲಿಯನ್ನು ನೋಡಿ ತಳಿಯನ್ನು ಆರಿಸಬೇಕಲ್ಲದೆ, ನೆರೆಮನೆಯ ಹಸುವನ್ನು ನೋಡಿ ಅಲ್ಲ.

ಇನ್ನು ಮೇವು. ಪೋಷಣೆಯು ಕರು ಹುಟ್ಟಿದ ಗಳಿಗೆಯಿಂದಲೇ ಆರಂಭವಾಗುತ್ತದೆ; ದೊಡ್ಡ ಅಪರಾಧವೊಂದು ನಡೆಯುವುದೂ ಆ ಗಳಿಗೆಯಲ್ಲಿಯೇ. ಮನುಷ್ಯರ ಶಿಶುವಿಗೆ ರೋಗವನ್ನು ತಡೆಯುವ ಶಕ್ತಿಯ ಒಂದು ಪಾಲು ಗರ್ಭದಲ್ಲಿರುವಾಗಲೇ ತಾಯಿಯ ರಕ್ತದಿಂದ ದೊರೆಯುತ್ತದೆ. ಕರುವಿಗಾಗಲಿ ಆಡಿನ ಮರಿಗಾಗಲಿ ಹಾಗಲ್ಲ. ಅವು ಆ ಶಕ್ತಿಯನ್ನು ಪಡೆಯುವುದು ಗಿಣ್ಣುಹಾಲಿನಿಂದ ಮಾತ್ರ. ಕರುಳು ಆ ಸಾರವನ್ನು ಹೀರಿಕೊಳ್ಳುವುದು ಮೊದಲಿನ ಕೆಲವು ಗಂಟೆಗಳಲ್ಲಿ. ಒಂದು ದಿನ ಕಳೆದರೆ ಆ ಬಾಗಿಲು ಮುಚ್ಚಿಹೋಗುತ್ತದೆ. ಆದರೆ ಸತ್ತೆ ಬೀಳುವವರೆಗೆ ಕರುವನ್ನು ಕುಡಿಯಲು ಬಿಡಬಾರದೆಂಬ ನಂಬಿಕೆಯಿಂದಲೋ, ಗಿಣ್ಣಿನ ಆಸೆಯಿಂದಲೋ ಅದೇ ಹೊತ್ತಿನಲ್ಲಿ ಕರುವನ್ನು ದೂರ ಕಟ್ಟುತ್ತಾರೆ. ಆಮೇಲೆ ಕರುವು ಭೇದಿಯಿಂದ ಸತ್ತರೆ ಹಣೆಬರಹವೆನ್ನುತ್ತಾರೆ. ಅದು ಹಣೆಬರಹವಲ್ಲ, ಕೈಬರಹ. ಹುಟ್ಟಿದ ಒಂದೆರಡು ಗಂಟೆಗಳೊಳಗೆ ಕರುವು ಗಿಣ್ಣನ್ನು ಕುಡಿಯಲೇಬೇಕು. ಮೊದಲ ದಿನ ಅದರ ತೂಕದ ಹತ್ತನೆಯ ಒಂದು ಪಾಲು, ಎಂದರೆ ೨೦ ಕೆ.ಜಿ. ಕರುವಿಗೆ ೨ ಲೀಟರಿನಷ್ಟನ್ನು ಎರಡು ಮೂರು ಸಾರಿ ಕೊಡಬೇಕು. ಕರು ಕುಡಿದು ಮಿಕ್ಕುದನ್ನು ಮನೆಯವರು ಕಾಸಿಕೊಂಡರೆ ಅಡ್ಡಿಯಿಲ್ಲ. ಮೊದಲ ಪಂಕ್ತಿ ಕರುವಿನದು.

ಬೆಳೆದ ದನಕ್ಕೆ ಅದರ ಮೈತೂಕದ ಪ್ರತಿ ೧೦೦ ಕೆ.ಜಿ.ಗೆ ದಿನಕ್ಕೆ ಎರಡರಿಂದ ಮೂರು ಕೆ.ಜಿ.ಯಷ್ಟು ಒಣ ಅಂಶದ ಆಹಾರ ಬೇಕು. ಹೊಟ್ಟೆ ತುಂಬಿದ ಮಾತ್ರಕ್ಕೆ ಪೋಷಣೆಯಾಗುವುದಿಲ್ಲ. ಭತ್ತದ ಹುಲ್ಲಿನಲ್ಲಿ ಮೈಕಟ್ಟುವ ಸಸಾರಜನಕದ ಅಂಶವು ನೂರಕ್ಕೆ ಮೂರು ನಾಲ್ಕು ಪಾಲಿಗಿಂತ ಹೆಚ್ಚಿಲ್ಲ; ಒಣಗಿಸಿದ ಕುದುರೆ ಮೆಂತ್ಯದಲ್ಲಿ ಅದು ಹದಿನೆಂಟು ಇಪ್ಪತ್ತು ಪಾಲು. ಆದುದರಿಂದ ಬಾವಿಯ ಬದಿಯಲ್ಲಿ ನಾಲ್ಕು ಗುಂಟೆಯಷ್ಟಾದರೂ ಭೂಮಿಯನ್ನು ಕುದುರೆ ಮೆಂತ್ಯ, ಅಲಸಂದೆ, ನೇಪಿಯರ್ ಹುಲ್ಲುಗಳಿಗೆ ಮೀಸಲಿಡತಕ್ಕದ್ದು. ಬದುವಿನ ಮೇಲೆ ಅಗಸೆ, ಹಾಲವಾಣ ಮುಂತಾದ ಮರಗಳನ್ನು ಬೆಳೆಸಿದರೆ ಬೇಸಗೆಯಲ್ಲಿ ಸೊಪ್ಪಿಗೆ ಬರವಿಲ್ಲ. ಜೋಳದ ಕಣಿಕೆಯನ್ನು ಇಡಿಯಾಗಿ ಹಾಕಿದರೆ ಗರಿಯನ್ನು ತಿಂದು ದಂಟನ್ನು ತುಳಿಯುತ್ತವೆ. ಕತ್ತರಿಸಿ ಹಾಕಿದರೆ ಪೋಲಾಗುವುದಿಲ್ಲ. ಮಳೆ ಕೈಕೊಟ್ಟು ಬಾಡಿದ ಎಳೆಯ ಜೋಳದಲ್ಲಿ ಪ್ರಾಣಹಾರಿಯಾದ ವಿಷವಿರುವುದರಿಂದ ಅದನ್ನು ಮೇಯಗೊಡಲೇಬಾರದು.

ಒಣಹುಲ್ಲನ್ನೇ ಸತ್ತ್ವವುಳ್ಳದ್ದಾಗಿ ಮಾಡುವ ವಿಧಾನವೊಂದುಂಟು. ೧೦೦ ಕೆ.ಜಿ. ಹುಲ್ಲಿಗೆ ೪ ಕೆ.ಜಿ. ಯೂರಿಯಾವನ್ನು ೫೦ ಲೀಟರಿನಷ್ಟು ನೀರಿನಲ್ಲಿ ಪೂರ್ಣವಾಗಿ ಕರಗಿಸಿ, ಪದರಪದರವಾಗಿ ಚಿಮುಕಿಸಿ, ತುಳಿದು ಗಾಳಿಯಾಡದಂತೆ ಮುಚ್ಚಿ ಮೂರು ವಾರ ಬಿಡಬೇಕು. ತೆಗೆದ ಮೇಲೆ ಘಾಟು ಹೋಗುವಷ್ಟು ಹೊತ್ತು ಗಾಳಿಗೆ ಹರಡಿ ತಿನ್ನಿಸಬೇಕು. ಅಳತೆ ಮೀರಿದರೂ, ಯೂರಿಯಾದ ನೀರನ್ನು ದನವು ಕುಡಿದರೂ ಪ್ರಾಣಾಪಾಯ. ಆರು ತಿಂಗಳೊಳಗಿನ ಕರುಗಳಿಗೆ ಈ ಹುಲ್ಲು ಸಲ್ಲದು. ಮಳೆಗಾಲದಲ್ಲಿ ಮಿಗುವ ಹಸುರು ಮೇವನ್ನು ಕತ್ತರಿಸಿ, ಗುಂಡಿಯಲ್ಲಿ ಒತ್ತಾಗಿ ತುಳಿದು, ಗಾಳಿ ಸೋಕದಂತೆ ಮುಚ್ಚಿಟ್ಟರೆ ಒಂದೂವರೆ ತಿಂಗಳಲ್ಲಿ ರಸಮೇವಾಗಿ ಬೇಸಗೆಗೆ ಒದಗುತ್ತದೆ. ಇವುಗಳ ಜೊತೆಗೆ ಹಿಂಡಿ, ಬೂಸ, ಉಪ್ಪು, ಖನಿಜಗಳ ಮಿಶ್ರಣ, ಸದಾ ಶುದ್ಧವಾದ ನೀರು. ಹಾಲು ಕರೆಯುವ ಹಸುವಿಗಷ್ಟೇ ಹಿಂಡಿ ಹಾಕಿ, ಬತ್ತಿದೊಡನೆ ನಿಲ್ಲಿಸುವುದು ರೂಢಿ. ಆದರೆ ಗಬ್ಬದ ಕೊನೆಯ ಎರಡು ತಿಂಗಳುಗಳಲ್ಲಿಯೇ ಹೊಟ್ಟೆಯ ಕರುವು ಬಹುವಾಗಿ ಬೆಳೆಯುವುದು. ಆ ಕಾಲದಲ್ಲಿ ಹಾಲು ಬತ್ತಿಸಿ, ದಿನಕ್ಕೆ ಒಂದು ಕೆ.ಜಿ.ಯಷ್ಟು ಹಿಂಡಿ ಬೂಸಗಳನ್ನು ಹೆಚ್ಚಾಗಿ ಕೊಟ್ಟರೆ ಅದು ಮುಂದಿನ ಸೂಲಿನಲ್ಲಿ ಹಾಲಾಗಿ ಹಿಂದಿರುಗುತ್ತದೆ.

ಆಡಿನ ಮಾತನ್ನು ಬಿಡುವಂತಿಲ್ಲ. ಹಸುವನ್ನು ಕಟ್ಟಲಾರದ ಬಡವರ ಮನೆಗೆ ಹಾಲನ್ನೂ, ಹೊಲಕ್ಕೆ ಗೊಬ್ಬರವನ್ನೂ, ಕಷ್ಟಕಾಲಕ್ಕೆ ಕಾಸನ್ನೂ ಒದಗಿಸುವ ಪ್ರಾಣಿ ಅದು. ನಂದಿದುರ್ಗ, ಬಿದರಿ ಎಂಬವು ಕರ್ನಾಟಕದ ಸ್ವಂತ ತಳಿಗಳು. ‘ಆಡು ಮುಟ್ಟದ ಸೊಪ್ಪಿಲ್ಲ’ ಎಂಬ ಗಾದೆಯನ್ನು ನೆಪಮಾಡಿಕೊಂಡು ಅದಕ್ಕೆ ಬೇರೆ ಮೇವು ಬೇಡವೆಂದು ಬಿಟ್ಟುದರಿಂದಲೇ ಆಡಿಗೂ ಗಿಡಮರಗಳಿಗೂ ವೈರ ಬೆಳೆಯಿತು. ಮೈತೂಕಕ್ಕೆ ಹೋಲಿಸಿದರೆ ಆಡು ದನಕ್ಕಿಂತ ಹೆಚ್ಚು ತಿನ್ನುತ್ತದೆ. ಬದುವಿನ ಸೊಪ್ಪನ್ನು ಕೊಯ್ದು ದೊಡ್ಡಿಯಲ್ಲಿಯೇ ತೂಗುಹಾಕಿದರೆ ಚೆನ್ನಾಗಿ ಮೇಯುತ್ತದೆ. ೨೫–೩೦ ಆಡುಗಳಿಗೆ ಒಂದು ಹೋತ ಸಾಕು. ಅವಳಿ ಮರಿಗಳನ್ನೀದು ಎರಡನ್ನೂ ಹಾಲೂಡಿ ಬೆಳೆಸಿದ ಆಡಿನ ಮರಿಯೇ ಹೋತವಾಗಲಿ. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಾಯಿಸಲಿ. ಐದು ತಿಂಗಳ ಗರ್ಭವನ್ನು ಹೊರುವ ಆಡನ್ನು ಮೈ ಬಲಿಯುವ ಮೊದಲೇ ಹೋತಕ್ಕೆ ಬಿಟ್ಟರೆ ತಾಯಿಯೂ ಕುಗ್ಗುತ್ತದೆ, ಮರಿಯೂ ಉಳಿಯದು.

೧೯೨೭ರಲ್ಲಿ ಅಸ್ವಸ್ಥರಾಗಿ ಬೆಂಗಳೂರಿನಲ್ಲಿ ವಿಶ್ರಾಂತಿ ಪಡೆಯುತ್ತಿದ್ದ ಮಹಾತ್ಮಾ ಗಾಂಧಿಯವರು ಅಲ್ಲಿಯ ಇಂಪೀರಿಯಲ್ ಡೇರಿ ಸಂಸ್ಥೆಗೆ ಹೋಗಿ ಹಸುವಿನ ಪಾಲನೆಯನ್ನು ವಿದ್ಯಾರ್ಥಿಯಂತೆ ಕಲಿತರು. ಗೋವಿನ ಮೇಲಣ ಭಕ್ತಿಯು ಗೋಪಾಲನೆಯ ಶಾಸ್ತ್ರವನ್ನು ಕಲಿಯದೆ ಸಫಲವಾಗದೆಂಬುದು ಅವರ ನಿಲುವಾಗಿತ್ತು. ಅಂತಹ ಮಹನೀಯರಿಗೇ ಕಲಿಯಲು ಸಂಕೋಚವಾಗಲಿಲ್ಲವೆಂದರೆ, ಕೊಟ್ಟಿಗೆಯಲ್ಲಿಯೇ ಹುಟ್ಟಿ ಬೆಳೆದವರಿಗೆ ಸಂಕೋಚವೇಕೆ?

ಮಠಗಳೂ ಭಕ್ತರೂ ಕೂಡಿ ಮಾಡಬಹುದಾದ ಕೆಲಸ ಬಹಳವಿದೆ. ಸಿದ್ಧಗಂಗೆ, ಸುತ್ತೂರು ಮೊದಲಾದ ಕ್ಷೇತ್ರಗಳ ಜಾತ್ರೆಗಳಲ್ಲಿ ದನಗಳು ಸಾವಿರಗಟ್ಟಲೆ ಸೇರುತ್ತವೆ. ಇಂತಹ ಜಾತ್ರೆಗಳಲ್ಲಿ ಮೈಕಟ್ಟಿನ ಎತ್ತಿಗೆ ಕೊಡುವ ಬಹುಮಾನದೊಡನೆ, ಹಾಲಿನ ಲೆಕ್ಕವಿರುವ ಹಸುವಿಗೂ, ಅದರ ಹೋರಿಕರುವಿಗೂ ಬಹುಮಾನವಿರಲಿ. ಬಡವನ ಒಳ್ಳೆಯ ಹೋತಕ್ಕೂ ಒಂದು ಶಾಲು ಸಲ್ಲಲಿ. ದೇವರ ಹೆಸರಿನಲ್ಲಿ ಬಸವನನ್ನು ಬಿಡುವ ಸಂಪ್ರದಾಯವು ಊರಿಗೆ ಬೀಜದ ಹೋರಿಯನ್ನು ದಾನಮಾಡುವುದೇ ಅಲ್ಲವೆ? ಆದುದರಿಂದ ಬೇಡವಾದ ಕರುವನ್ನು ದೇವರಿಗೆ ಬಿಡದೆ, ಮನೆಯ ಅತ್ಯುತ್ತಮ ಕರುವನ್ನೇ ಬಿಡತಕ್ಕದ್ದು. ಮೀಸಲೆಂದರೆ ಶ್ರೇಷ್ಠವಾದುದು, ಮಿಕ್ಕುದು ಮೀಸಲಾಗದು. ಆ ಬಸವನಿಗೆ ಮನೆಗೊಂದು ಹಿಡಿ ಮೇವು ಸಲ್ಲಿಸುವುದು ಊರ ದಾಸೋಹವಾಗಲಿ. ಗೋಮಾಳದ ಮೂರರಲ್ಲಿ ಒಂದು ಭಾಗವನ್ನು ಸರದಿಯಂತೆ ಒಂದು ಮಳೆಗಾಲ ಮೇಯಿಸದೆ ಬಿಟ್ಟರೆ ಬೋಳುಗುಡ್ಡದಲ್ಲಿಯೂ ಹುಲ್ಲು ಚಿಗುರುವುದು.

ಇವುಗಳಲ್ಲಿ ಹೆಚ್ಚಿನವುಗಳಿಗೆ ದೊಡ್ಡ ಹಣ ಬೇಕಾಗಿಲ್ಲ. ಮುಂದಿನ ಸಾರಿ ಕೊಟ್ಟಿಗೆಯಲ್ಲಿ ಲಕ್ಷಣವಾದ ಗಂಡುಕರುವೊಂದು ಹುಟ್ಟಿದಾಗ, ಅದನ್ನು ಜಾತ್ರೆಗೆ ಹೊಡೆಯುವ ಮೊದಲು ಊರಿನ ಹಿರಿಯರು ಕೂಡಿ ಒಂದು ಗಳಿಗೆ ಯೋಚಿಸಲಿ. ಅದಕ್ಕೂ ಮೊದಲು, ಹುಟ್ಟಿದ ಗಂಟೆಯಲ್ಲಿಯೇ, ಅದರ ಬಾಯಿಗೆ ಗಿಣ್ಣು ಸೇರಲಿ. ಗುಡಿಯ ಕಲ್ಲಬಸವನಿಗೆ ಸಲ್ಲುವ ಆದರದಲ್ಲಿ ಒಂದು ಪಾಲು ಗೋದಲಿಯ ಮುಂದೆ ನಿಂತ ಜೀವದ ಬಸವನಿಗೂ ಸಂದರೆ, ಒಕ್ಕಲಿಗನ ಕಾಯಕವೂ ಸಾರ್ಥಕ, ಮನೆಯ ಮಕ್ಕಳ ಬಟ್ಟಲಿಗೆ ಹಾಲೂ ನಿಶ್ಚಯ.